ಜಾರಿ

ಚಿಂತಾಮಣಿ ಕೋರ್ಟಿನ ಅಮೀನ ನಾನು, ಗುರ್ರಪ್ಪ.
ಮೂವತ್ತೊಂದು ವರ್ಷ ಕಾಗದ ಹೊತ್ತು ತಿರುಗಿದ ಕಾಲು.
ಚಿಲಕಲನೇರ್ಪಿನಲ್ಲಿ ಒಬ್ಬ ಕಡಲೆಕಾಯಿ ರಾಶಿಯೊಳಗೆ ಹೂತುಕೊಂಡಿದ್ದ,
ಮೂಗು ಮಾತ್ರ ಹೊರಗೆ.
ಬಟ್ಲಹಳ್ಳಿಯಲ್ಲಿ ಹೆಂಡತಿ ಬಾಗಿಲಿಗೆ ಅಡ್ಡ ನಿಂತು
'ಲೇಡಯ್ಯಾ, ತಿರುಪತಿ ಪೋಯಿನಾಡು' ಅಂದಳು;
ಒಳಗೆ ತಿರುಪತಿ ಕೆಮ್ಮಿತು.

ಯಾರನ್ನೂ ಬಿಟ್ಟವನಲ್ಲ.
ಎಣ್ಣೆ ಮಿಲ್ಲಿನ ಸಾಹುಕಾರ, ಎರಡು ಸಲ ಗೆದ್ದಿದ್ದ ಶಾಸಕ,
ಅವರ ಮೀಸೆಯ ಮುಂದೆಯೂ ಕಾಗದ ಹಿಡಿದು
ಇಲ್ಲಿ ಸೈನು ಹಾಕಿ ಸ್ವಾಮಿ ಎಂದಿದ್ದೇನೆ.
ತೆಗೆದುಕೊಳ್ಳದಿದ್ದರೆ ಬಾಗಿಲಿಗೆ ಅಂಟಿಸು,
ಇಬ್ಬರು ಪಂಚರ ಸಹಿ ಪಡೆ, ಷರಾ ಬರೆ,
ಕಾನೂನು ಅಷ್ಟೇ. ಮೈದಾ ಅಂಟಿನ ಡಬ್ಬ ಸದಾ ಚೀಲದಲ್ಲಿ.

ಮುರುಗಮಲ್ಲದ ಇನಾಯತ್ ಹಡಗುಕಟ್ಟೆಯಲ್ಲಿ ಕ್ರೇನು ನಡೆಸುತ್ತಿದ್ದ,
ಸಮುದ್ರದಾಚೆ, ಯಾರದೋ ದೇಶ.
ಇನ್ಯಾರದೋ ದೇಶದ ದೊರೆ ಒಂದು ರಾತ್ರಿ
ಟೈ ಸರಿಮಾಡಿಕೊಂಡು ಟೀವಿಯಲ್ಲಿ ಕೂತು
'ಬೇರೆ ದಾರಿಯೇ ಇರಲಿಲ್ಲ' ಅಂದ.
ಬೆಳಗಿನ ಪಾಳಿಯ ಕ್ರೇನಿನಿಂದ ಇಳಿಯಲೂ ದಾರಿ ಇರಲಿಲ್ಲ.
ಪೆಟ್ಟಿಗೆ ಬಂತು. ಆಮೇಲೆ ಪರಿಹಾರದ ದುಡ್ಡು.
ದುಡ್ಡಿನ ಹಿಂದೆಯೇ ನಾನೂ ಹೋದೆ:
ತಾಯಿ ಮಹಬೂಬ್‌ಜಾನ್ ವಾದಿ, ಹೆಂಡತಿ ಶಾಹೀನಾ ಪ್ರತಿವಾದಿ,
ಒಂದೇ ಅಂಗಳ, ಎರಡು ಒಲೆ,
ತಾಯಿಗೆ ಆರರಲ್ಲೊಂದು, ಹೆಂಡತಿಗೆ ಎಂಟರಲ್ಲೊಂದು,
ಮಿಕ್ಕಿದ್ದು ಮಕ್ಕಳಿಗೆ.
ಸತ್ತವನನ್ನು ಭಾಗ ಹಾಕಲು ಲೆಕ್ಕವಿದೆ ನಮ್ಮಲ್ಲಿ.
ಕೊಂದವನ ಹೆಸರಿಗೆ ದಾವೆಯಲ್ಲಿ ಒಂದು ಸಾಲೂ ಇರಲಿಲ್ಲ.
ಎಲ್ಲ ಪುಟ ತಿರುವಿದೆ. ಲಗತ್ತುಗಳನ್ನೂ.

ನಿನ್ನೆ ಕೋರ್ಟಿನೆದುರಿನ ಟೀ ಅಂಗಡಿಯಲ್ಲಿ ವಾರ್ತೆ:
ಅವನೀಗ ಮಾಜಿ. ಜೇನು ಸಾಕುತ್ತಾನಂತೆ,
ಬಾಟಲಿಯ ಮೇಲೆ ಅವನದೇ ಮುಖವಂತೆ.
ದೂರದ ಯಾವುದೋ ಕೋರ್ಟು
ಯುದ್ಧ ಶುರುಮಾಡಿದ್ದೇ ಅಪರಾಧ ಎಂದು ವಾರಂಟು ಬರೆದಿದೆ.
ಗುಂಡು ಹಾರಿಸಿದ್ದಕ್ಕಲ್ಲ, ಹಾರಿಸಿ ಎಂದದ್ದಕ್ಕೆ.
ವಕೀಲ ಸೊಣ್ಣೇಗೌಡರು ಬನ್ನು ಅದ್ದಿಕೊಂಡು ನಕ್ಕರು:
'ಆ ಕೋರ್ಟಿಗೆ ಪೊಲೀಸಿಲ್ಲ, ಅಮೀನನಿಲ್ಲ.
ಯಾವನ್ ಒಯ್ದು ಕೊಡ್ತಾನ್ರೀ ಅದನ್ನ?'
ಬನ್ನು ಮುರಿದು ಟೀಯೊಳಗೆ ಬಿತ್ತು.
ನಾನು ಸುಮ್ಮನಿದ್ದೆ.
ಕಾಲು ಮಾತ್ರ ಎದ್ದು ನಿಂತಿತ್ತು.

ಕೊಡಿ ಇಲ್ಲಿ. ಬಸ್ ಚಾರ್ಜು ಭತ್ಯೆಯಲ್ಲಿ ಹಿಡಿಯಿರಿ.
ಗೇಟಿನವನು 'ಸಾಹೇಬರಿಲ್ಲ' ಅನ್ನುತ್ತಾನೆ, ಗೊತ್ತು.
ಎಲ್ಲ ದೇಶದಲ್ಲೂ ಒಂದು ತಿರುಪತಿ ಇರುತ್ತದೆ.
ನಾನು ಜಗಳ ಆಡುವುದಿಲ್ಲ. ಅಂಟು ಕಲಸುತ್ತೇನೆ.
ಪಂಚರು ಬೇಕಲ್ಲ, ಮಹಬೂಬ್‌ಜಾನ್ ಬರಲಿ,
ಶಾಹೀನಾನೂ ಬರಲಿ. ಇಲ್ಲಿ ಎದುರುಬದುರು ಕೂರುವವರು
ಅಲ್ಲಿ ಒಂದೇ ಕಾಗದಕ್ಕೆ ಬೆರಳು ಒತ್ತಲಿ.
ಷರಾ ಹೀಗೆ ಬರೆಯುತ್ತೇನೆ:
'ಆಸಾಮಿ ಮನೆಯಲ್ಲಿಲ್ಲ ಎಂದರು. ಜೇನುನೊಣಗಳು ಇದ್ದವು.
ಬೆಳಗ್ಗೆ ಹತ್ತು ನಲವತ್ತಕ್ಕೆ ಬಾಗಿಲಿಗೆ ಅಂಟಿಸಿ ಜಾರಿ ಮಾಡಿದೆ.'
ಜಾರಿ ಎಂಬ ಮಾತಿಗೆ ಎರಡು ಅರ್ಥ, ಬಲ್ಲೆ.
ದೊಡ್ಡವರು ಎರಡನೆಯದರಲ್ಲೇ ಬದುಕುತ್ತಾರೆ.

ಒಂದೇ ತೊಡಕು. ಅಂಟಿಸುವ ಮುನ್ನ ಮೂರು ಸಲ ಹೆಸರು ಕೂಗುವುದು ನನ್ನ ರೂಢಿ,
ಆ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ.
ಸೊಣ್ಣೇಗೌಡರಿಗೂ ಇಲ್ಲ. ವಾರ್ತೆಯ ಹುಡುಗಿಯೂ ತಡವರಿಸಿದಳು.

ಇವತ್ತು ವಾಯಿದೆ. ಕೋರ್ಟಿನ ಮೆಟ್ಟಿಲಲ್ಲಿ ಮಹಬೂಬ್‌ಜಾನ್
ಎಲೆ ಅಡಿಕೆ ಸಂಚಿ ಬಿಚ್ಚಿ ಕೂತಿದ್ದಳು.
ಹೆಬ್ಬೆಟ್ಟಿನ ಹೆಂಗಸು, ತನ್ನ ವಯಸ್ಸನ್ನೇ ಒಂದೊಂದು ಸಲ ಒಂದೊಂದು ಹೇಳುವವಳು.
ಸುಮ್ಮನೆ ಕೇಳಿದೆ.
ಎಲೆಯ ನಾರು ಸೀಳುತ್ತಾ, ತಲೆಯೆತ್ತದೆ
ಹೇಳಿದಳು, ಪೂರ್ತಿ ಹೆಸರು, ಅವನ ಅಪ್ಪನದೂ ಸೇರಿಸಿ,
ಒಂದಕ್ಷರ ಎಡವದೆ,
ದಿನಾ ಐದು ಹೊತ್ತು ಹೇಳಿಕೊಂಡವಳ ಹಾಗೆ.

ಇನ್ನೊಂದು ಸಲ ಹೇಳಮ್ಮ ಎಂದೆ,
ಚೀಲ ಕೆಳಗಿಟ್ಟು
ಅವಳ ಪಕ್ಕದ ಮೆಟ್ಟಿಲ ಮೇಲೆ ಕೂತು.