ಉದ್ದದ್ದು

ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹಿಂದೆ
ಅಣ್ಣನ ವಿಡಿಯೋ ಗೇಮ್ ಅಂಗಡಿ:
ಒಂದು ಟಿವಿ, ಎರಡು ರಿಮೋಟು,
ಅರ್ಧ ಗಂಟೆಗೆ ಎರಡು ರೂಪಾಯಿ.
ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಸಿಕ್ಕಿಸುವ ಕೆಲಸ ನನ್ನದು.

ಮಗಳನ್ನು ಕರೆಯಲು ಬಂದ ಮೊಯಿದು,
ಕಾಫಿ ಮೂಟೆ ಹೊರುವವನು,
ಹೆಗಲ ಗೋಣಿದೂಳು ಕೊಡವಿ ಬಾಗಿಲಲ್ಲೇ ನಿಂತ.
ತೆರೆಯ ಮೇಲೆ ಇಟ್ಟಿಗೆಗಳು ಇಳಿಯುತ್ತಿದ್ದವು,
ಚೌಕ, ಸೊಟ್ಟ, ಮೊಣಕೈ ಮಡಿಸಿದಂಥವು.

"ರುಖಿಯಾ, ಅದನ್ನ ತಿರುಗಿಸು. ಮೂಲೆಗೆ ಒತ್ತು.
ಬಲಗಡೆ ಸಂದು ಬಿಡು, ಉದ್ದದ್ದು ಬರ್ತದೆ."
ಬಂತು.
ನಾಲ್ಕು ಸಾಲು ಒಟ್ಟಿಗೇ ಮಿಂಚಿ ಇಲ್ಲವಾದವು.
ಮೊಯಿದು ಬೆಚ್ಚಿದ:
"ಅಷ್ಟು ಚೆಂದ ಒಟ್ಟಿದ್ದು ಎಲ್ಲಿಗೆ ಹೋಯ್ತು?
ಕೂಲಿ ಕೊಡೋರು ಯಾರು?"

ನಾವು ನಕ್ಕೆವು, ಅವನು ನಗಲಿಲ್ಲ.
ಮಗಳ ಬೆರಳ ಮೇಲೆ ತನ್ನ ದಪ್ಪ ಬೆರಳಿಟ್ಟು
ಕರೆಂಟು ಹೋಗುವ ತನಕ ಆಡಿದ.
ದುಡ್ಡು ನಾನು ಕೇಳಿರಲಿಲ್ಲ. ಕತ್ತಲಲ್ಲೇ ಎಣಿಸಿ ಕೊಟ್ಟ.

ಮರುದಿನ ಶಾಲೆಗೆ ಹೋಗುವಾಗ ಕಂಡೆ:
ಹುಣಸೂರಿಗೆ ಹೊರಟ ಲಾರಿಯ ಮೇಲೆ ಮೊಯಿದು.
ಮೂಟೆಗಳ ಬಲಗಡೆ ಒಂದು ಸಂದು ಬಿಟ್ಟು
ಮುಗಿಲು ನೋಡುತ್ತ ನಿಂತಿದ್ದ.
ಹಗ್ಗ ಹಿಡಿದವರು ಕೆಳಗಿನಿಂದ ಬೈಯುತ್ತಿದ್ದರು.