ವಾಸನೆಯಿಲ್ಲದ್ದು

ಡಂಡೀ ಊರಿನ ಏರುಬೀದಿಯಲ್ಲಿ, ಅರವತ್ತೆರಡು ಮೆಟ್ಟಿಲು ಹತ್ತಿದರೆ
ಮೇಲಿನ ಆ ಎರಡು ಕೋಣೆ ನನ್ನವು.
ನನ್ನವು ಅಂದರೆ ಕಾಗದದ ಮೇಲೆ.
ಚಿಕ್ಕಮ್ಮ ಐಲಾ ಸಾಯುವಾಗ ಬರೆದಿಟ್ಟು ಹೋದಳು:
ಮನೆ, ಒಂದು ಗೊಂಚಲು ಬೀಗದ ಕೈ,
ಅಡುಗೆಮನೆಯ ಗೋಡೆಯಲ್ಲಿ ಗೊಣಗುತ್ತ ಕೂತ ಹಳೆಯ ಬಾಯ್ಲರ್.

ಹಬ್ತೋಮ್ ಬ್ರೆಡ್ಡಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.
ಎರಿಟ್ರಿಯಾದವನು. ಜೊತೆಗೆ ಏಳು ವರ್ಷದ ಮಗಳು, ಸೆನಾಯಿತ್.
ಅವನು ದುಡಿಯುವ ಹೊತ್ತು
ಅವಳ ಜೊತೆ ಮಲಗಲು ಅತ್ತೆಯೊಬ್ಬಳು ಬರುತ್ತಿದ್ದಳು.
ಬಾಡಿಗೆ ಒಂದನೇ ತಾರೀಕಿಗೆ ತಪ್ಪದೆ ಬರುತ್ತಿತ್ತು.
ಹುಡುಗಿಯ ಮುಖ ಬಾಡುತ್ತಿದ್ದದ್ದು
ಬ್ಯಾಂಕಿನ ಲೆಕ್ಕದಲ್ಲಿ ಕಾಣುವುದಿಲ್ಲ.

ವರ್ಷಕ್ಕೊಮ್ಮೆ ಗ್ಯಾಸಿನವನನ್ನು ಕರೆಸಬೇಕು.
ಗೊತ್ತಿತ್ತು. ಕ್ಯಾಲೆಂಡರಿನಲ್ಲಿ ಕೆಂಪಗೆ ಬರೆದೂ ಇಟ್ಟಿದ್ದೆ.
ಎಂಬತ್ತು ಪೌಂಡು.
ಅಕ್ಟೋಬರ್ ಬಂತು, ಕಾರಿನ ಟೈರು ಸವೆದಿತ್ತು.
ನವೆಂಬರ್ ಬಂತು, ಮೊಮ್ಮಗನಿಗೆ ಸೈಕಲ್ಲು.
ಬಾಯ್ಲರ್ ಉರಿಯುತ್ತಲೇ ಇದೆಯಲ್ಲ ಅಂದುಕೊಂಡೆ.
ಉರಿಯುವುದೆಲ್ಲ ಸರಿಯಾಗಿದೆ ಅಂತ
ನನಗೆ ಯಾರು ಕಲಿಸಿದ್ದರೋ.

ಡಿಸೆಂಬರಿನಲ್ಲಿ ಅವನ ಸಂದೇಶ:
'ಮಿಸೆಸ್ ಗಾರ್ವಿ, ಮಗಳಿಗೆ ಬೆಳಗಾದರೆ ತಲೆನೋವು.
ಶಾಲೆಗೆ ಹೋದ ಮೇಲೆ ವಾಸಿ.
ಇಲ್ಲಿಯ ಚಳಿಯೇ ಹೀಗೇನು?'
ನಾನು ಬರೆದೆ:
'ಅಭ್ಯಾಸವಾಗುತ್ತೆ. ಹೀಟರ್ ಹೆಚ್ಚು ಹೊತ್ತು ಹಾಕಿಕೊಳ್ಳಿ.
ಕಿಟಕಿ ಭದ್ರವಾಗಿ ಮುಚ್ಚಿ.'
ಕೊನೆಗೊಂದು ನಗುವ ಮುಖ.

ಆ ನಗುವ ಮುಖ ಇನ್ನೂ ನನ್ನ ಫೋನಿನಲ್ಲಿದೆ.

ಜನವರಿಯಲ್ಲಿ ವಿಮೆಯವರು ಸರ್ಟಿಫಿಕೇಟ್ ಕೇಳಿದರು.
ಮಗುವಿನ ತಲೆನೋವು ಎಬ್ಬಿಸದ ನನ್ನನ್ನು
ವಿಮೆಯ ಕಾಗದ ಎಬ್ಬಿಸಿತು. ಮುಚ್ಚಿಡುವುದೇಕೆ.

ರ‍್ಯಾಬ್ ಬಂದ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು.
ಮುಚ್ಚಳ ತೆಗೆದ. ಉರಿ ನೀಲಿ ಇರಲಿಲ್ಲ,
ಹಳದಿ, ಸೋಮಾರಿ, ತೂಕಡಿಸುವ ಉರಿ.
ಕೈಯಲ್ಲಿದ್ದ ಯಂತ್ರ ನೋಡಿದವನು
ಮಾತಾಡಲಿಲ್ಲ. ಗ್ಯಾಸ್ ಆರಿಸಿದ. ಕಿಟಕಿಗಳನ್ನು
ಒಂದೊಂದಾಗಿ, ದಡಾರನೆ, ಕೊನೆಯ ಗೇಣಿನವರೆಗೂ ತೆರೆದ.

ಹೊಗೆಕೊಳವೆಯಲ್ಲಿ ಬೂದುಕತ್ತಿನ ಕಾಗೆಯ ಗೂಡು:
ಕಡ್ಡಿ, ಕುರಿಯ ಉಣ್ಣೆ, ಒಂದು ಐಸ್‌ಕ್ರೀಂ ಚಮಚ.
ಅದಾದರೂ ಕಟ್ಟಿದ್ದು
ತನ್ನ ಮರಿ ಬೆಚ್ಚಗಿರಲೆಂದು.

ಬಣ್ಣವಿಲ್ಲ ಅದಕ್ಕೆ, ವಾಸನೆಯಿಲ್ಲ,
ಬಾಗಿಲು ತಟ್ಟಿ ಬಂದದ್ದಲ್ಲ, ಒಪ್ಪಂದಕ್ಕೆ ಸಹಿ ಹಾಕಿದ್ದಲ್ಲ.
ಮೂರು ತಿಂಗಳು, ಬಿಡಿಗಾಸು ಬಾಡಿಗೆ ಕೊಡದೆ,
ಹುಡುಗಿಯ ಹಾಸಿಗೆಯ ಪಕ್ಕ ವಾಸವಿತ್ತು.

ಅಲಾರಂ ಇತ್ತಲ್ಲ, ಅಂದೆ.
ರ‍್ಯಾಬ್ ಅದನ್ನು ಗೋಡೆಯಿಂದ ಕಿತ್ತು ನನ್ನ ಅಂಗೈಗಿಟ್ಟ.
ಬೆನ್ನ ಮೇಲೆ ಅಚ್ಚಾದ ತಾರೀಕು:
ಏಳು ವರ್ಷದ ಹಿಂದೆಯೇ ಅದರ ಆಯಸ್ಸು ಮುಗಿದಿತ್ತು,
ಸೆನಾಯಿತ್ ಹುಟ್ಟಿದ ವರ್ಷ.
ಬಾಡಿಗೆಯವರು ಬದಲಾದಾಗಲೆಲ್ಲ ಒರೆಸಿದ್ದೆ ಅದನ್ನು.
ತಿರುಗಿಸಿ ನೋಡಿರಲಿಲ್ಲ.

ಆಸ್ಪತ್ರೆಯವರು ರಕ್ತ ತೆಗೆದು ನೋಡಿದರು.
ಹುಡುಗಿ ಚೆನ್ನಾಗಿದ್ದಾಳೆ. 'ಈಗ' ಅಂದಳು ಡಾಕ್ಟರು,
ಆ ಎರಡಕ್ಷರವನ್ನು ನನ್ನ ಕಡೆಗೆ ತಿರುಗಿ.

ಹೊಸ ಬಾಯ್ಲರ್ ಕೂತ ದಿನ ನಾನೂ ಹೋದೆ.
ಹೊಸ ಅಲಾರಮಿನ ಗುಂಡಿ ಒತ್ತಲು ಸೆನಾಯಿತ್ ಕುರ್ಚಿ ಹತ್ತಿದಳು.
ಕಿವಿ ಹರಿಯುವಂತೆ ಕಿರುಚಿತು ಅದು.
ಕೆಳಗಿನ ಮನೆಯವರು ಛಾವಣಿಗೆ ಪೊರಕೆಯಿಂದ ಗುದ್ದಿದರು.
ಅವಳು ನಕ್ಕಳು. ಇನ್ನೊಂದು ಸಲ, ಅಂದೆ.

ಹಬ್ತೋಮ್ ಚಿಕ್ಕ ಬಟ್ಟಲಲ್ಲಿ ಕಾಫಿ ಕೊಟ್ಟ, ಮೂರು ಸುತ್ತು,
ಮೂರನೆಯದು ಮುಗಿಯುವ ತನಕ ಏಳಬಾರದಂತೆ.
'ಸರಿಯಾದ ಹೊತ್ತಿಗೆ ಕರೆಸಿದಿರಿ, ದೊಡ್ಡ ಉಪಕಾರ' ಅಂದ.

ಎರಡನೆಯ ಬಟ್ಟಲವರೆಗೆ ಸುಮ್ಮನಿದ್ದೆ.
'ಅಕ್ಟೋಬರಿನಲ್ಲೇ ಬರಬೇಕಿತ್ತು' ಅಂದೆ.

'ಯಾರು?' ಅಂದ ಅವನು,
ಮೂರನೆಯದನ್ನು ಬಗ್ಗಿಸುತ್ತ.