ಆತಿಥೇಯರ ಕಾಲಂ

ಪೀಟರ್‌ಹೆಡ್ಡಿನ ಸ್ಕ್ವಾಷ್ ಕ್ಲಬ್ಬಿಗೆ ಇರುವುದೇ ಎರಡು ಅಂಗಳ,
ಒಂದರ ಹೀಟರು ಕೆಟ್ಟು ಮೂರು ಚಳಿಗಾಲ.
ಬಾಗಿಲ ಬಳಿಯ ಮೇಜಿನ ಹಿಂದೆ ಇಶ್ಬೆಲ್ ಬುಕನ್,
ಎದುರಿಗೊಂದು ಪರದೆ, ಪರದೆಯ ತುಂಬ ಚೌಕ:
ಹಸಿರೆಂದರೆ ಖಾಲಿ, ಕೆಂಪೆಂದರೆ ಭರ್ತಿ,
ಹಳದಿಯೆಂದರೆ ಆಸೆಪಟ್ಟು ದುಡ್ಡು ಕಟ್ಟದವರು.

ತಿಥಿ ನೋಡದೆ ಬರುವವನು ಅತಿಥಿ
ಎನ್ನುವುದು ನಮ್ಮ ಮಾತು.
ಇಲ್ಲಿ ತಿಥಿ, ಗಂಟೆ, ಅಂಗಳದ ಸಂಖ್ಯೆ,
ಕರೆತಂದವರ ಸದಸ್ಯತ್ವದ ಅಂಕಿ,
ಇಷ್ಟೂ ತುಂಬದೆ ಗಾಜಿನ ಬಾಗಿಲು ಕಿರ್ರೆನ್ನುವುದಿಲ್ಲ.
ಗೋಡೆಗೆ ಅಂಟಿಸಿದ ನಿಯಮ ಮೂರು:
ಒಬ್ಬ ಅತಿಥಿಗೆ ವರ್ಷಕ್ಕೆ ಆರೇ ಸಲ.
ನಿಯಮ ನಾಲ್ಕು:
ಕರೆತಂದವರು ಜೊತೆಗೇ ಅಂಗಳದಲ್ಲಿರತಕ್ಕದ್ದು.

ಗುರುವಾರ ಏಳಕ್ಕೆ, ಹೀಟರಿಲ್ಲದ ಅಂಗಳಕ್ಕೆ,
ನಾರ್ಮನ್ ಮಿಲ್ನ್, ಸದಸ್ಯ.
ಹಿಂದೆ, ಟೋಪಿ ಕೈಯಲ್ಲಿ ಹಿಡಿದು, ಡುಗಲ್ಡ್, ಅತಿಥಿ.
ಇಪ್ಪತ್ತಾರು ವರ್ಷದ ಅತಿಥಿ.
ಮೀನು ಸೀಳುವ ಕಾರ್ಖಾನೆಯಿಂದ ನೇರ ಬರುತ್ತಿದ್ದ ಕಾಲದಲ್ಲಿ
ಒಮ್ಮೆ ಅರ್ಜಿ ಹಾಕಿದ್ದನಂತೆ.
'ನೋಡೋಣ' ಎಂದು ಬರೆದಿತ್ತು ಸಮಿತಿ.
ಸಮಿತಿ ಇನ್ನೂ ನೋಡುತ್ತಲೇ ಇದೆ.
ಅವನು ಮತ್ತೆ ಕೇಳಲಿಲ್ಲ.

ಆರು ಸಲ ಎಂಬ ನಿಯಮವನ್ನು ಇಶ್ಬೆಲ್ ಮುರಿದಿಲ್ಲ.
ಕಾಗುಣಿತ ಬದಲಿಸಿದಳು, ಅಷ್ಟೆ.
ಜನವರಿಯಲ್ಲಿ ಡಿ. ಸ್ಟ್ರಾಕನ್,
ಫೆಬ್ರವರಿ ನಡುವಿಗೆ ಡುಗಲ್ಡ್ ಎಸ್.,
ಆಮೇಲೆ ಸ್ಟ್ರಾಹನ್, ಸ್ಟ್ರಾನ್, ಬರೀ ಡುಗೀ.
ಯಂತ್ರದ ಲೆಕ್ಕಕ್ಕೆ ಅವನು ಒಂಬತ್ತು ಜನ,
ಒಂಬತ್ತನೆಯವನಿಗೆ ಮಾತ್ರ, ಡಿಸೆಂಬರಿನಲ್ಲಿ, ನಾಲ್ಕೇ ಸಲ.

ಮಿಲ್ನ್ ಸತ್ತದ್ದು ಮಂಗಳವಾರ, ಬೆಳಗಿನ ಚಹಾದ ಹೊತ್ತಿಗೆ.
ಗುರುವಾರದ ಚೌಕ ಕೆಂಪಾಗಿಯೇ ಇತ್ತು:
ವಾರದ ಮುಂಚೆಯೇ ಕಾದಿರಿಸುವ ಅಚ್ಚುಕಟ್ಟಿನ ಮನುಷ್ಯ.
ರದ್ದು ಮಾಡು ಎಂದಿತು ಕಾರ್ಯದರ್ಶಿಯ ಚೀಟಿ,
ಕಾಯುವ ಪಟ್ಟಿಯಲ್ಲಿ ಇಬ್ಬರು ಹುಡುಗರಿದ್ದಾರೆ.
ಬೆರಳು ಗುಂಡಿಯ ಮೇಲಿಟ್ಟಳು. ತೆಗೆದಳು.
ಚಹಾ ಮಾಡಿಕೊಂಡಳು. ಮತ್ತೆ ಇಟ್ಟಳು.

ಏಳಕ್ಕೆ ಐದು ನಿಮಿಷ. ಡುಗಲ್ಡ್ ಬಂದ.
ಗಾಜಿನಾಚೆ ನಿಂತ. ತಟ್ಟಲಿಲ್ಲ.
ಕಡಲ ಗಾಳಿ ಅವನ ಚೀಲವನ್ನು ಗಿರ್ರನೆ ತಿರುಗಿಸುತ್ತಿತ್ತು.
ಬಾಗಿಲು ತೆರೆದರೆ, ನಾಲ್ಕು ಪೌಂಡು ಎಣಿಸಿ ಮೇಜಿನ ಮೇಲಿಟ್ಟ.
"ಆಡಲಾಗದು, ಗೊತ್ತು. ಇದು ಹೋದ ವಾರದ ಬಾಕಿ.
ನಾರ್ಮನ್ ಕಟ್ಟುತ್ತೇನೆ ಅಂದಿದ್ದ, ಮರೆತ."

ಇಶ್ಬೆಲ್ ಕೆಲಸಕ್ಕೆ ಸೇರಿದ ದಿನ
ಅವಳಿಗೂ ಒಂದು ಸಂಖ್ಯೆ ಕೊಟ್ಟಿದ್ದರು, ನಾನ್ನೂರ ಹದಿನೇಳು,
ಸಿಬ್ಬಂದಿಗೆ ಉಚಿತ. ಒಂದು ದಿನವೂ ಬಳಸಿರಲಿಲ್ಲ.
ಆತಿಥೇಯರ ಕಾಲಮ್ಮಿನಲ್ಲಿ ಮಿಲ್ನ್ ಹೆಸರು ಅಳಿಸಿ
ಆ ಸಂಖ್ಯೆ ಒತ್ತಿದಳು. ಯಂತ್ರ ಒಪ್ಪಿತು.
ಒಪ್ಪಿದ ಮೇಲೆ ನೆನಪಾಯಿತು, ನಿಯಮ ನಾಲ್ಕು.

ಬಿಟ್ಟುಹೋದವರ ಬುಟ್ಟಿಯಿಂದ ಬಿಳಿ ಅಟ್ಟೆಯ ಬೂಟು,
ಎಡಗಾಲಿಗೆ ಸಡಿಲ.
ಹಿಡಿಕೆಯ ಪಟ್ಟಿ ಬಿಚ್ಚಿದ ರ್‍ಯಾಕೆಟ್ಟು.
ಮೇಜಿನ ಮೇಲೆ ಫೋನು ತನ್ನಷ್ಟಕ್ಕೆ ಬಡಿದುಕೊಳ್ಳುತ್ತಿತ್ತು.

ಸ್ಕ್ವಾಷಿನ ಚೆಂಡು ತಣ್ಣಗಿದ್ದರೆ ಪುಟಿಯುವುದಿಲ್ಲ,
ಹಿಟ್ಟಿನುಂಡೆಯ ಹಾಗೆ ಬಿದ್ದಲ್ಲೇ ಕೂರುತ್ತದೆ.
ಹೊಡೆದು ಹೊಡೆದು ಕಾಯಿಸಬೇಕು.
ಅವನು ಗೋಡೆಗೆ ಹೊಡೆದ, ಅವಳಿಗೆ ತಪ್ಪಿತು,
ಅವನು ಹೆಕ್ಕಿ ತಂದು ಮತ್ತೆ ಹೊಡೆದ.
ಮಿಲ್ನ್ ಮಾತು ಬರಲಿಲ್ಲ. ಅಂಕ ಯಾರೂ ಎಣಿಸಲಿಲ್ಲ.
ಮೂವತ್ತನೆಯ ನಿಮಿಷಕ್ಕೋ ಏನೋ ಚೆಂಡು ಅಂಗೈಗೆ ಬೆಚ್ಚಗಾಯಿತು,
ನಲವತ್ತಕ್ಕೆ, ಗಡಿಯಾರದ ಅಪ್ಪಣೆಯಂತೆ, ದೀಪ ಹೋಯಿತು.

ಕತ್ತಲಲ್ಲಿ ಇಬ್ಬರ ಏದುಸಿರು.
"ಮುಂದಿನ ಗುರುವಾರ?" ಕೇಳಿದ.
"ಹೊಸ ಹೆಸರು ಬೇಕಾಗುತ್ತದೆ," ಎಂದಳು.
"ಸರಿಯಾದದ್ದನ್ನೇ ಹಾಕು."
ಹೂಂ ಎಂದಳು. ಆಮೇಲೆ ಪರದೆಯ ಮುಂದೆ ಕೂತು, ಬೂಟು ಬಿಚ್ಚುತ್ತ,
ಒಂಬತ್ತು ಹೆಸರು ನೋಡಿದಳು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.
ಸರಿಯಾದದ್ದು ಯಾವುದೆಂದು ಅವನನ್ನೇ ಕೂಗಿ ಕೇಳಬೇಕು.
ಅವನ ಸೈಕಲ್ಲಿನ ದೀಪ ಆಗಲೇ ಬಂದರಿನ ತಿರುವಿನಲ್ಲಿತ್ತು.